ಮಾಲೂರಿನ ಕ್ಲಾಸು ಮುಚ್ಚಿದ್ದು

ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಒಂದು ವಾರ ಪಿಸುಮಾತನ್ನೂ ಆಡಬೇಡಿ ಎಂದಿದ್ದರು ಕೋಲಾರದ ಡಾಕ್ಟರು. ಅದನ್ನೇ ಟೈಪು ಮಾಡಿ ನನ್ನ ಕರಾಟೆ ಕ್ಲಾಸಿನ ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿದೆ. ಸ್ವಲ್ಪ ಹೊತ್ತಿಗೆ ಮಾಲೂರಿನ ಒಬ್ಬ ತಂದೆಯ ವಾಯ್ಸ್ ಮೆಸೇಜು ಬಂತು: "ಮೇಡಂ, ವಾಯ್ಸ್ ಹೋದ್ರೇನು, ಕೈಕಾಲು ಆಡ್ತವಲ್ಲ? ಕರಾಟೆಗೆ ಬಾಯೇನ್ ಬೇಕು?" ಅದರ ಕೆಳಗೆ ಉಳಿದವರ ನಗುವ ಮುಖಗಳು.

ಹೋದೆ. ಹೋದೆನಲ್ಲ ಎಂದು ಇವತ್ತಿಗೂ ಮೈ ಉರಿಯುತ್ತದೆ.

ಕೋಲಾರದಲ್ಲಿ ಒಂದು ಕಲ್ಯಾಣ ಮಂಟಪದ ಮಹಡಿಯಲ್ಲಿ ಶುರು ಮಾಡಿದ್ದ ಕ್ಲಾಸು ಅದು. ಜನ ಕರೆದರೆಂದು ಮಾಲೂರಿಗೆ, ಮುಳಬಾಗಿಲಿಗೆ, ಶ್ರೀನಿವಾಸಪುರಕ್ಕೆ ಹಬ್ಬಿಸಿದೆ. ದಿನಕ್ಕೊಂದು ಊರು, ಭಾನುವಾರ ಎರಡು. ಮೊದಮೊದಲು ಮಕ್ಕಳು ಒಟ್ಟಿಗೆ ಕೂಗಿ ಮುಷ್ಟಿ ಚಾಚಿದರೆ ನನ್ನ ಎದೆ ಉಬ್ಬುತ್ತಿತ್ತು. ಬರಬರುತ್ತಾ ಅದೇ ಕೂಗಿಗೆ ಹಲ್ಲು ಕಚ್ಚಿಕೊಳ್ಳುತ್ತಿದ್ದೆ. ಶ್ರೀನಿವಾಸಪುರದ ಬಸ್ಸು ಹೋಳೂರು ದಾಟುವಾಗ, ಇದು ಇಲ್ಲೇ ಕೆಟ್ಟು ನಿಲ್ಲಬಾರದೇ ಅನ್ನಿಸುತ್ತಿತ್ತು. ಯಾರಿಗಾದರೂ ಹೇಳಿಕೊಂಡರೆ, "ನಿಮಗೇನ್ ಮೇಡಂ, ಫಿಟ್ ಆಗಿದೀರಾ" ಎನ್ನುತ್ತಿದ್ದರು.

ಆ ಸಂಜೆ ಮಾಲೂರಿನಲ್ಲಿ ಕುತ್ತಿಗೆಗೆ ಮಫ್ಲರ್ ಸುತ್ತಿ, ಸೀಟಿ ಊದುತ್ತಾ ಪಾಠ ಮಾಡಿದೆ. ಅದೇ ತಂದೆ ಒಂದು ಚೀಲ ಹೊತ್ತು ಬಂದು ನನ್ನ ಮುಂದಿಟ್ಟ. ಒಳಗೆ ಹೆಂಚುಗಳು.

"ಸ್ಕೂಲ್ ಡೇಗೆ ನಮ್ ಪಾಪು ಸ್ಟೇಜ್ ಮೇಲೆ ಹೆಂಚು ಒಡೀಬೇಕು ಮೇಡಂ. ಬ್ಲಾಕ್ ಬೆಲ್ಟ್ ಹಾಕ್ಕೊಂಡು."

ಅವನ ಮಗಳದು ಆಗಷ್ಟೇ ಹಳದಿ ಬೆಲ್ಟು. ಕಪ್ಪಿಗೆ ವರ್ಷಗಳೇ ಬೇಕು. ಆಗಲ್ಲವೆಂದು ತಲೆಯಾಡಿಸಿದೆ.

"ಒಂದ್ ಬೆಲ್ಟ್ ಕೊಡಕ್ಕೆ ಏನ್ ಕಷ್ಟ? ಎಲ್ಲಾ ಕಡೆ ಕೊಡ್ತಾರೆ. ಹೆಂಚು ಮೊದ್ಲೇ ಸೀಳಿ ಅಂಟಿಸ್ಕೊಂಡ್ ಬಂದಿದೀನಿ, ನೋವಾಗಲ್ಲ."

ಆ ಹುಡುಗಿ ಪಕ್ಕದಲ್ಲೇ ನೆಲ ನೋಡುತ್ತಾ ನಿಂತಿದ್ದಳು. ಎಲ್ಲಿತ್ತೋ ಆ ದನಿ, ಗಂಟಲು ಹರಿದುಕೊಂಡು ಬಂತು.

"ತಗೊಂಡ್ ಹೋಗಿ ಇದನ್ನ. ನಾನೂ ಹೋಗ್ತೀನಿ. ನಾಳೆಯಿಂದ ಮಾಲೂರಲ್ಲಿ ಕ್ಲಾಸ್ ಇಲ್ಲ."

ಅವನು ನಕ್ಕ. ತಮಾಷೆ ಅಂದುಕೊಂಡನೋ ಏನೋ. ಎಲ್ಲ ಮಕ್ಕಳನ್ನೂ ಮನೆಯವರು ಕರೆದೊಯ್ಯುವವರೆಗೆ ಕಾದು, ಬಾಗಿಲು ಹಾಕಿ, ಕಟ್ಟಡದವರಿಗೆ ಕೀಲಿ ಕೊಟ್ಟುಬಿಟ್ಟೆ.

ಮನೆ ಸೇರುವಷ್ಟರಲ್ಲಿ ಗುಂಪು ಹೊತ್ತಿ ಉರಿಯುತ್ತಿತ್ತು. ಜವಾಬ್ದಾರಿ ಇಲ್ಲದವಳು, ಕೊಬ್ಬು, ಮಕ್ಕಳ ಭವಿಷ್ಯ. ಗಂಟಲು ಹೇಗಿದೆ ಎಂದು ಒಬ್ಬರೂ ಕೇಳಲಿಲ್ಲ. ನಾನೇ ಕಟ್ಟಿದ ಗುಂಪಿನಿಂದ ನಾನೇ ಹೊರಬಿದ್ದೆ.

ಮರುದಿನ ತಾಯಲೂರಿನ ಅಕ್ಕನ ಮನೆಗೆ ಹೋದೆ. ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದವಳು ನನ್ನ ಮುಖ ನೋಡಿ, "ಪಡುಕೋ ಪೋ" ಎಂದು ತೆಲುಗಿನಲ್ಲೇ ಗದರಿ, ಮಲಗಲು ಒಳಗೆ ಅಟ್ಟಿದಳು. ಊಟಕ್ಕೆ ಎಬ್ಬಿಸಿದಾಗ ಎದ್ದೆ, ಉಂಡೆ, ಮತ್ತೆ ಮಲಗಿದೆ. ಅಲ್ಲಿಗೂ ಒಬ್ಬಳು ಬಂದಳಲ್ಲ! ಪಕ್ಕದ ಮನೆಯವಳು, ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು. "ಇರೋವರ್ಗೂ ನಮ್ ಹುಡುಗೀರ್ಗೆ ಎರಡ್ ಏಟು ಹೇಳ್ಕೊಡು ಅಕ್ಕಾ."

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಅಡ್ಡ ನಿಂತಳು. "ಆಗಲ್ಲ ಕಣೇ. ಅವ್ಳಿಗೆ ಸಾಕಾಗೈತೆ."

ಒಳಗೆ ಹೋಗಿ ಅತ್ತೆ. ದುಃಖಕ್ಕಲ್ಲ, ಸಿಟ್ಟಿಗೆ. ಇಷ್ಟು ಸಣ್ಣ ಮಾತು ಹೇಳಲು ಒಬ್ಬರೂ ಸಿಗಲಿಲ್ಲವಲ್ಲ ಇಷ್ಟು ವರ್ಷ, ಎಂದು.

ವಾಪಸು ಬಂದಮೇಲೆ ಮುಳಬಾಗಿಲಿನ ಕ್ಲಾಸನ್ನು ನನ್ನ ಹಿರಿಯ ಶಿಷ್ಯೆಗೆ ಒಪ್ಪಿಸಿದೆ. ಮಾಲೂರು ಮುಚ್ಚಿದ್ದು ಮುಚ್ಚಿದಂತೆಯೇ ಇದೆ. ಕೋಲಾರ, ಶ್ರೀನಿವಾಸಪುರ ಎರಡೇ ಈಗ. ಸಿಟ್ಟು ಹೋಗಿಲ್ಲ, ಹೋಗುವುದೂ ಬೇಡ. ನಿದ್ದೆ ಮಾತ್ರ ಬರುತ್ತಿದೆ.

ಮೊನ್ನೆ ಶ್ರೀನಿವಾಸಪುರದಲ್ಲಿ ಒಬ್ಬ ತಾಯಿ, ಭಾನುವಾರವೂ ಕ್ಲಾಸ್ ಇಡಿ ಎಂದರು. ಇಲ್ಲ ಎಂದೆ. ಯಾಕೆ ಎಂದರು.

"ಭಾನುವಾರ ನಾನು ಸುಮ್ನೆ ಇರ್ತೀನಿ" ಎಂದೆ.