ನಾಳೆ ಅಕ್ಕ ಹೊಲಿದ ಎರಡು ಎಡತೋಳು

ಬೀದಿದೀಪ ಇನ್ನೂ ಆರಿಲ್ಲ. ಔಷಧಿ ಅಂಗಡಿಯ ಪಕ್ಕದ ಟೈಲರಿಂಗ್ ಅಂಗಡಿಯ ಷಟರ್ ಅರ್ಧ ಎತ್ತಿದೆ, ಒಳಗಿಂದ ಮೆಷಿನ್ನಿನ ಸದ್ದು ಬರುತ್ತಿದೆ. ಬಗ್ಗಿ ಒಳಹೊಕ್ಕರೆ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು, ಬಾಯಲ್ಲಿ ಎರಡು ಗುಂಡುಪಿನ್ನು ಕಚ್ಚಿಕೊಂಡು, ನೀಲಿ ಬಟ್ಟೆಗೆ ಹೊಲಿಗೆ ಹಾಕುತ್ತಿರುವ ಐವತ್ತು ದಾಟಿದ ಹೆಂಗಸು ಕಾಣುತ್ತಾರೆ. ಗೋಡೆಯ ಕಂಬಿಗೆ ಶಾಲೆಯ ಯೂನಿಫಾರ್ಮುಗಳು ಸಾಲಾಗಿ ತೂಗುಬಿದ್ದಿವೆ. ಇಸ್ತ್ರಿ ಗಂಡನ ಪಾಲಿನ ಕೆಲಸ. ಮಾತು ಕೂಡ ಅವರ ಪಾಲಿಗೇ ಹೆಚ್ಚು ಬಂದಂತಿದೆ.

ಬೀದಿಯಲ್ಲಿ ಈಕೆಗೆ ‘ನಾಳೆ ಅಕ್ಕ’ ಎಂದೇ ಹೆಸರು. ಬಟ್ಟೆ ಯಾವತ್ತು ಸಿಗುತ್ತದೆ ಎಂದರೆ ನಾಳೆ, ನಾಳೆ ಹೋದರೆ ಮತ್ತೆ ನಾಳೆ. ಒಂದು ದಿನ ಗುಂಡಿ ಸಿಕ್ಕಿಲ್ಲ, ಇನ್ನೊಂದು ದಿನ ದಾರದ ಬಣ್ಣ ಹೊಂದಲಿಲ್ಲ, ಮತ್ತೊಂದು ದಿನ ಸೊಂಟ ಹಿಡಿದುಕೊಂಡಿದೆ. ಟೈಲರುಗಳ ಈ ರಾಗ ನಮಗೇನೂ ಹೊಸತಲ್ಲ ಬಿಡಿ. ಆದರೆ ಪತ್ರಿಕೆಗೆ ಬರೆಯಲೆಂದು ನಾಲ್ಕು ದಿನ ಇಲ್ಲಿನ ಸ್ಟೂಲಿನ ಮೇಲೆ ಕೂತು ನೋಡಿದರೆ ಬೇರೆಯೇ ಸಂಗತಿ ಗಮನಕ್ಕೆ ಬರುತ್ತದೆ. ದಿನಕ್ಕೆ ಏಳೆಂಟು ಯೂನಿಫಾರ್ಮು ಹೊರಬೀಳುತ್ತವೆ, ಒಂದೂ ತಡವಾಗುವುದಿಲ್ಲ. ಪ್ಯಾಂಟು, ದಿಂಬಿನ ಕವರು, ಪರದೆ ಎಲ್ಲವೂ ಹೇಳಿದ ಹೊತ್ತಿಗೆ ಸಿದ್ಧ. ತಡವಾಗುವುದು ಒಂದೇ ಬಗೆಯ ಬಟ್ಟೆ. ಓದುವ ವಯಸ್ಸಿನ ಹುಡುಗಿಗೆಂದು, ಕಾರಣ ಹೇಳದೆ, ಅವಸರ ಅವಸರವಾಗಿ ಹೊಲಿಸುವ ಹೊಸ ಬಟ್ಟೆ. ಸಮಯಕ್ಕೆ ಬಟ್ಟೆ ಸಿಕ್ಕವರು ಸುಮ್ಮನಿರುತ್ತಾರೆ, ಸಿಗದವರು ಹತ್ತು ಕಡೆ ಹೇಳಿಕೊಂಡು ಬರುತ್ತಾರೆ. ಅಡ್ಡಹೆಸರು ಹಾಗೆ ನಿಂತಿದೆ.

“ಊಟಕ್ಕೇ ಕಷ್ಟ ಇರೋ ಮನೇಲಿ ಇದ್ದಕ್ಕಿದ್ದ ಹಾಗೆ ಎರಡು ಜೊತೆ ಹೊಸ ಬಟ್ಟೆ ಅಂದ್ರೆ, ಹುಡುಗಿ ಎಲ್ಲಿಗೋ ಹೊರಟಿದ್ದಾಳೆ ಅಂತ ಅರ್ಥ,” ಎನ್ನುತ್ತಾರೆ ಅಕ್ಕ, ಪಿನ್ನು ಬಾಯಿಂದ ತೆಗೆದು. “ಎಲ್ಲಿಗೆ ಅನ್ನೋದು ಎಷ್ಟೋ ಸಲ ಅವಳಿಗೇ ಗೊತ್ತಿರಲ್ಲ.”

ಇದು ಅವರಿಗೆ ಯಾರೋ ಹೇಳಿ ತಿಳಿದದ್ದಲ್ಲ. ಹನ್ನೊಂದನೇ ವಯಸ್ಸಿನಲ್ಲಿ ಅವರಿಗೂ ಒಂದು ಹಳದಿ ಫ್ರಾಕು ಬಂದಿತ್ತು. ಅಷ್ಟು ಚೆಂದದ ಬಟ್ಟೆ ಅದಕ್ಕೆ ಮುಂಚೆ ತೊಟ್ಟೇ ಇರಲಿಲ್ಲವಂತೆ. ಓದಿಸುತ್ತೇವೆ ಎಂದು ಕರೆದೊಯ್ದವರ ಹಿಂದೆ ಕುಣಿದುಕೊಂಡು ಹೋದರು. ಆ ಮನೆಯಲ್ಲಿ ಪುಸ್ತಕದ ಬದಲು ಪಾತ್ರೆ, ನೆಲ, ಕೂಸು ಮೂರೂ ಪಾಲಿಗೆ ಬಂದವು. ಬಾಗಿಲಿಗೆ ಹೊರಗಿನಿಂದ ಬೀಗ. ಆ ಮನೆಯವರ ಹರಿದ ಬಟ್ಟೆಗೆ ಸೂಜಿ ಹಾಕುತ್ತಲೇ ಹೊಲಿಗೆ ಕಲಿತರು. ತಪ್ಪಿಸಿಕೊಂಡು ಮನೆ ಸೇರುವ ಹೊತ್ತಿಗೆ ಓದುವ ವಯಸ್ಸು ಕಳೆದೇ ಹೋಗಿತ್ತು.

“ಅಪ್ಪ ದೂರದ ಕೆಲಸಕ್ಕೆ ಹೋಗಿದ್ರು. ನಾನು ಹೋದ ಮೂರನೇ ದಿನಕ್ಕೆ ಮನೆಗೆ ಬಂದ್ರಂತೆ. ಇದ್ದಿದ್ರೆ ಕಳಿಸ್ತಿರಲಿಲ್ಲ. ಆ ಫ್ರಾಕು ಹೊಲಿದೋನು ಒಂದು ವಾರ ತಡ ಮಾಡಿದ್ರೆ ಸಾಕಿತ್ತು ಅಂತ ಈಗಲೂ ಅನ್ಸುತ್ತೆ,” ಎನ್ನುತ್ತಾ ದಾರ ಕತ್ತರಿಸುತ್ತಾರೆ. ಗಂಡ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿಡುತ್ತಾರೆ. ಕೇಳಿದ ಮಾತೇ ಆದರೂ ಅವರಿಗೆ ಅಭ್ಯಾಸವಾದಂತಿಲ್ಲ.

ಅಂಗಡಿಯ ಎದುರು ರಸ್ತೆಯಲ್ಲಿ ಹೆಣ್ಣುಮಕ್ಕಳ ಶಾಲೆಯಿದೆ. ಅಲ್ಲಿನ ಗಣಿತದ ಟೀಚರ್, ಓದು ಬಿಡುವ ಅಂಚಿನಲ್ಲಿರುವ ಹುಡುಗಿಯರಿಗೆ ಸಂಜೆ ತರಗತಿ ನಡೆಸುತ್ತಾರೆ. ಪಾಠದ ಜೊತೆಗೆ, ಕೆಲಸ ಕೊಡಿಸುತ್ತೇನೆ ಎಂದು ಬಂದವರನ್ನು ಏನೇನು ಕೇಳಬೇಕು ಎಂಬುದನ್ನೂ ಬಾಯಿಪಾಠ ಮಾಡಿಸುತ್ತಾರೆ. ಯಾವ ಜಾಗ, ಯಾರ ಹತ್ತಿರ, ವಾಪಸು ಬರಬೇಕೆನಿಸಿದರೆ ಕರೆತರುವವರು ಯಾರು. ಒಮ್ಮೆ ಅವರು ಫೋಟೊ ಸ್ಟುಡಿಯೊದವರನ್ನೂ ಟೈಲರುಗಳನ್ನೂ ಕೂರಿಸಿ, ಹುಡುಗಿ ಹೊರಡುವ ಸುದ್ದಿ ಶಾಲೆಗಿಂತ ಮೊದಲು ನಿಮಗೆ ಗೊತ್ತಾಗುತ್ತದೆ, ಒಂದು ಫೋನ್ ಮಾಡಿ ಎಂದು ಕೇಳಿಕೊಂಡರು. ತಡ ಮಾಡುವ ಉಪಾಯ ಮಾತ್ರ ಅಕ್ಕನ ಸ್ವಂತದ್ದು. “ಬಸ್ಸು ಹತ್ತಿದ ಮೇಲೆ ನಾನು ಯಾರ ಹತ್ರ ಮಾತಾಡ್ಲಿ? ಅಕ್ಕ ನನಗೆ ದಿನ ಉಳಿಸಿ ಕೊಡ್ತಾರೆ,” ಎನ್ನುತ್ತಾರೆ ಟೀಚರ್.

ಎಲ್ಲ ಸಲವೂ ಕೈಗೂಡುವುದಿಲ್ಲ. ಹೋದ ವರ್ಷ ಒಬ್ಬಳನ್ನು ಹಳೆಯ ಬಟ್ಟೆಯಲ್ಲೇ ಕರೆದುಕೊಂಡು ಹೋದರು. ಅವಳಿಗೆಂದು ಹೊಲಿದ ಬಟ್ಟೆ ಕಪಾಟಿನ ಮೇಲಿನ ಅರೆಯಲ್ಲಿ ಹಾಗೇ ಇದೆ. ರೆಡಿಮೇಡ್ ಅಂಗಡಿಗಳು ಬಂದ ಮೇಲೆ ಇನ್ನೂ ಕಷ್ಟ ಎಂದು ಅಕ್ಕ ಗೊಣಗುತ್ತಾರೆ.

ಈ ವಾರದ ಚಿಂತೆ ಹತ್ತನೇ ತರಗತಿಯ ಹುಡುಗಿಯೊಬ್ಬಳದು. ತಂದೆ ಕಟ್ಟಡದ ಕೆಲಸದಲ್ಲಿ ಬಿದ್ದು ಹಾಸಿಗೆ ಹಿಡಿದಿದ್ದಾರೆ. ದೂರದ ಸಂಬಂಧದ ಚಿಕ್ಕಪ್ಪ ದೊಡ್ಡ ಅಂಗಡಿಯಲ್ಲಿ ಕೆಲಸ ಕೊಡಿಸುತ್ತೇನೆ ಎಂದಿದ್ದಾನೆ. ಪರೀಕ್ಷೆ ಹತ್ತಿರವಿರುವಾಗ ತಾಯಿ ಮಗಳನ್ನು ಕರೆತಂದು, ಎರಡು ಜೊತೆ, ಶನಿವಾರಕ್ಕೆ ಬೇಕೇ ಬೇಕು ಎಂದು ಹೇಳಿ ಹೋಗಿದ್ದಾರೆ. ಅಳತೆ ತೆಗೆಯುವಾಗ ಅಕ್ಕ ಯಾವ ಅಂಗಡಿ ಎಂದು ಕೇಳಿದರೆ, ಹುಡುಗಿ ಗೊತ್ತಿಲ್ಲ ಎಂದು ತಲೆಯಾಡಿಸಿದಳು. ಅವತ್ತು ಸಂಜೆಯೇ ಟೀಚರಿಗೆ ಫೋನ್ ಹೋಗಿದೆ.

ಇವತ್ತು ಶನಿವಾರ. ಬಿಸಿಲು ಏರುವ ಹೊತ್ತಿಗೆ ಚಿಕ್ಕಪ್ಪನೇ ಬಂದು ಕೌಂಟರಿಗೆ ಕೈಯೂರಿ ನಿಲ್ಲುತ್ತಾನೆ. ಅಕ್ಕ ಹಸಿರು ಟಾಪನ್ನು ಎತ್ತಿ ತೋರಿಸಿ, ಕಣ್ಣು ಸರಿಯಾಗಿ ಕಾಣುತ್ತಿಲ್ಲ, ಎರಡೂ ಎಡತೋಳೇ ಹೊಲಿದುಬಿಟ್ಟಿದ್ದೇನೆ, ಇನ್ನೊಂದು ಜೊತೆ ಇನ್ನೂ ಆಗಿಲ್ಲ ಎಂದು ಸಪ್ಪೆ ಮುಖ ಮಾಡುತ್ತಾರೆ. ಅವನು ಟೈಲರುಗಳ ಕುಲವನ್ನೇ ಜಾಲಾಡುತ್ತಾನೆ. ಇದ್ದ ಹಾಗೇ ಬಟ್ಟೆಯನ್ನಾದರೂ ಕೊಡಿ ಎಂದರೆ, ಹೊಲಿಯಲು ಕೊಟ್ಟ ತಾಯಿ ಬರದೆ ಕೊಡುವುದಿಲ್ಲ ಎಂದು ಗಂಡ ಅಡ್ಡ ಬರುತ್ತಾರೆ. ಕಣ್ಣಿಲ್ಲದ ಮೇಲೆ ಅಂಗಡಿ ಮುಚ್ಚು ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ ಅವನು ಹೋಗುತ್ತಾನೆ. ಅಕ್ಕನ ಮುಖ ಕೆಂಪಾಗಿದೆ. ನನಗೆ ಸಿಟ್ಟು ಬಂತು. ಅವರು ಮಾತ್ರ ನೀಲಿ ಬಟ್ಟೆಯನ್ನು ಮತ್ತೆ ಸೂಜಿಯಡಿ ಇಡುತ್ತಾರೆ.

ಇದನ್ನೆಲ್ಲ ಪತ್ರಿಕೆಯಲ್ಲಿ ಬರೆದರೆ ಉಪಾಯ ಬಯಲಾಗುವುದಿಲ್ಲವೇ ಎಂಬ ಅಳುಕು ನನಗೆ. ಕೇಳಿದಾಗ ಅಕ್ಕ ಮೊದಲ ಬಾರಿಗೆ ನಗುತ್ತಾರೆ. “ಬರೀರಿ. ತಡ ಮಾಡದ ಟೈಲರ್ ಎಲ್ಲಿದ್ದಾರೆ? ಯಾರು ಯಾಕೆ ತಡ ಮಾಡ್ತಿದ್ದಾರೆ ಅಂತ ಕರ್ಕೊಂಡು ಹೋಗೋರಿಗೆ ಹೇಗೆ ಗೊತ್ತಾಗುತ್ತೆ?”

ಹೀಗೆ ಸಿಕ್ಕ ದಿನಗಳಲ್ಲಿ ಟೀಚರ್ ಎರಡು ಸಲ ಆ ಮನೆಗೆ ಹೋಗಿ ಕೂತಿದ್ದಾರೆ. ತಾಯಿಯ ಎದುರೇ ಚಿಕ್ಕಪ್ಪನಿಗೆ ಫೋನ್ ಹಚ್ಚಿ ಅಂಗಡಿಯ ಹೆಸರು ಕೇಳಿದರೆ, ಅವನು ಒಂದೊಂದು ಸಲ ಒಂದೊಂದು ಹೆಸರು ಹೇಳಿದ್ದಾನೆ. ಮಕ್ಕಳ ರಕ್ಷಣೆಯ ಕಚೇರಿಯವರು ವಿಚಾರಿಸಲು ಹೊರಟ ಮೇಲೆ ಫೋನೇ ಸ್ವಿಚ್ ಆಫ್. ಹುಡುಗಿಗೆ ಪರೀಕ್ಷೆ ಮುಗಿಯುವವರೆಗೆ ಹಾಸ್ಟೆಲ್‌ನಲ್ಲಿ ಜಾಗ ಸಿಕ್ಕಿದೆ. ಮನೆಯ ಕಷ್ಟ ಮಾತ್ರ ಇದ್ದಲ್ಲೇ ಇದೆ. ಮನೆಯಲ್ಲೇ ಕೂತು ಮಾಡುವಂತೆ ಗುಂಡಿ, ಕಾಜಾದ ಕೆಲಸವನ್ನು ತಾಯಿಗೆ ಕೊಡುವುದಾಗಿ ಅಕ್ಕ ಹೇಳಿ ಕಳಿಸಿದ್ದಾರೆ.

ಮಂಗಳವಾರ ಬೆಳಿಗ್ಗೆ ಮತ್ತೆ ಹೋದಾಗ ಆ ತಾಯಿ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದಾರೆ. ಒಳಗೆ ಬರಲು ಸಂಕೋಚ.

“ಬಟ್ಟೆಗೆ ಅವಸರ ಏನಿಲ್ಲ ಅಕ್ಕ,” ಎನ್ನುತ್ತಾರೆ. “ಪರೀಕ್ಷೆ ಮುಗಿದ ಮೇಲೆ ಹಾಕ್ಕೋತಾಳೆ. ನಿಧಾನಕ್ಕೇ ಹೊಲೀರಿ.”

ಅಕ್ಕ ಕೂರಲು ಸ್ಟೂಲು ಎಳೆದು ಕೊಡುತ್ತಾರೆ. ಆಮೇಲೆ ಮೆಷಿನ್ನಿನ ಡ್ರಾಯರು ಎಳೆದು ಹಸಿರು ಬಟ್ಟೆಯ ಬಲತೋಳೊಂದನ್ನು ಹೊರತೆಗೆಯುತ್ತಾರೆ. ಅದು ಮೊದಲ ದಿನವೇ ಕತ್ತರಿಸಿಟ್ಟದ್ದು. ಇನ್ನೊಂದು ಜೊತೆ ಪರದೆಗಳ ರಾಶಿಯ ಅಡಿಯಿಂದ ಬರುತ್ತದೆ, ಗುಂಡಿ ಸಮೇತ ಸಿದ್ಧವಾಗಿ. ಹೆಚ್ಚುವರಿ ಎಡತೋಳನ್ನು ಸರಸರ ಬಿಚ್ಚಿ ಬಲತೋಳು ಕೂರಿಸಿ, ಗಂಡ ಇಸ್ತ್ರಿ ಕಾಯಿಸುವಷ್ಟರಲ್ಲಿ ಟಾಪು ಕೌಂಟರಿನ ಮೇಲಿದೆ. ತಾಯಿ ಬಾಯಿಬಿಟ್ಟುಕೊಂಡು ನೋಡುತ್ತಿದ್ದಾರೆ.

ಆಕೆ ಹೋದ ಮೇಲೆ, ನಿಮಗೇನಾದರೂ ಆಸೆ ಉಂಟೇ ಎಂದು ಕೇಳುತ್ತೇನೆ. ಅಕ್ಕ ಬಿದ್ದ ದಾರದ ಚೂರುಗಳನ್ನು ಆಯುತ್ತಾರೆ.

“ಯಾರ ಬಟ್ಟೆನೂ ತಡ ಮಾಡ್ಬೇಕಾಗಿ ಬರಬಾರದು. ಅಷ್ಟೇ,” ಎಂದು ಕನ್ನಡಕ ಮೇಲೇರಿಸುತ್ತಾರೆ. “ನನ್ನ ಕೈ ನಿಧಾನ ಅಲ್ಲ. ನೋಡಿದ್ರಲ್ಲ?”