ಹುಟ್ಟಿದ ಊರು: ಹರಿಯಬ್ಬೆ

ಮಟಮಟ ಮಧ್ಯಾಹ್ನ ಈಗಲೂ ಹಿತ್ತಿಲ ಗೋಡೆಗೆ ಚೆಂಡು ಬಡಿದ ಸದ್ದು ಕೇಳುತ್ತದೆ. ಆ ಗೋಡೆ ಬಿದ್ದು ಎಷ್ಟೋ ವರ್ಷವಾಯ್ತು, ನಾನೂ ಹರಿಯಬ್ಬೆ ಬಿಟ್ಟು ಹೊಸದುರ್ಗ ಸೇರಿದೆ, ಆದರೂ ಕೇಳುತ್ತದೆ. ಮೊಮ್ಮಕ್ಕಳು ಅಜ್ಜಿಗೆ ಅರಳುಮರಳು ಅಂತ ನಗುತ್ತಾರೆ. ನಗಲಿ ಬಿಡಿ. ಯಾರ ಚೆಂಡು ಅಂತ ನನಗೆ ಗೊತ್ತು.

ನನ್ನ ಸೋದರತ್ತೆಯನ್ನು ಹರಿಯಬ್ಬೆಯವನಿಗೇ ಕೊಟ್ಟಿದ್ದರು. ಅವನು ತೆಲುಗು ಕೂಲಿಗಳ ಗುಂಪು ಸೇರಿ ಹಡಗು ಹತ್ತಿ ಬರ್ಮಾದ ರಂಗೂನಿಗೆ ಹೋದ, ಆಮೇಲೆ ಅತ್ತೆಯನ್ನೂ ಕರೆಸಿಕೊಂಡ. ಅಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಗಂಡು ಮಗು ಹುಟ್ಟಿತು. ಯುದ್ಧ ಬಂದಾಗ ಬರ್ಮಾ ಬಿಟ್ಟು ಕಾಡುದಾರಿ ಹಿಡಿದು ನಡೆದರು. ಗಂಡ ದಾರಿಯಲ್ಲೇ ತೀರಿಕೊಂಡ. ಅತ್ತೆ ಮಗನನ್ನು ಕಂಕುಳಲ್ಲಿ ಹೊತ್ತು, ಅವನು ಹುಟ್ಟಿದ ಚೀಟಿಯನ್ನು ಮಡಿಲಲ್ಲಿ ಕಟ್ಟಿಕೊಂಡು ನಮ್ಮ ಮನೆ ಬಾಗಿಲಿಗೆ ಬಂದು ನಿಂತಳು. ಅವಳಿಗೆ ಉಳಿದದ್ದು ಅಷ್ಟೇ.

ಆ ಮಗನೇ ನನ್ನ ಭಾವ. ಚಿತ್ರದುರ್ಗದ ಹೈಸ್ಕೂಲಿನಲ್ಲಿ ಫುಟ್‌ಬಾಲ್ ಹುಚ್ಚು ಹಿಡಿಸಿಕೊಂಡ. ರಜೆಗೆ ಬಂದರೆ ಕುರಿಗಳನ್ನು ನೆರಳಿಗೆ ಬಿಟ್ಟು, ಬರಿಗಾಲಲ್ಲಿ ನಮ್ಮ ಹಿತ್ತಿಲ ಗೋಡೆಗೆ ಒದೆಯುತ್ತಿದ್ದ. "ಲೇ, ಗೋಡೆ ಬೀಳ್ತೈತೆ ನೋಡು" ಅಂತ ಅಪ್ಪ ಗದರುತ್ತಿದ್ದರು.

ಸ್ವಾತಂತ್ರ್ಯ ಬಂದು ಹತ್ತು ವರ್ಷ ಆಗಿರಬಹುದು. ಹೊರದೇಶಕ್ಕೆ ಹೋಗಿ ಆಡುವ ಭಾರತದ ಹುಡುಗರ ತಂಡಕ್ಕೆ ಅವನ ಹೆಸರು ಬಂತು, ಜೊತೆಗೊಂದು ಪಾಸ್‌ಪೋರ್ಟಿನ ಅರ್ಜಿ. ಅವನದು ಕೋಳಿ ಕೆದರಿದ ಅಕ್ಷರ. ನನ್ನದು ಗುಂಡಗಿತ್ತು, ಜಂಬ ಅದಕ್ಕಿಂತ ಗುಂಡಗಿತ್ತು. ಅರ್ಜಿ ತುಂಬಲು ನಾನೇ ಕೂತೆ.

"ಹುಟ್ಟಿದ ಊರು ಕೇಳ್ಯಾರೆ. ಬರ್ಮಾ ಅಂತ ಬರಿ" ಅಂದ.

"ಸುಮ್ನಿರು ಭಾವ. ಬರ್ಮಾ ಅಂದ್ರೆ ಹೊರಗಿನೋನು ಅಂತ ಹರಿದು ಬಿಸಾಕ್ತಾರೆ."

ಕುರಿ ಕಾಯುವ ನಮ್ಮ ಜನರಲ್ಲಿ ಒಂದು ಪದ್ಧತಿ ಇದೆ. ಕುರಿ ಹೊಡಕೊಂಡು ಆಂಧ್ರದ ಕಡೆ ಹೋದಾಗ ಯಾವುದೋ ಮರದಡಿ ಹೆರಿಗೆಯಾದರೂ ಕೂಸಿನ ಊರು ಮನೆದೇವರಿರುವ ಊರೇ. ಶಾಲೆಯಲ್ಲೂ ಹಾಗೇ ಬರೆಸುತ್ತಿದ್ದೆವು. ಅದು ಸುಳ್ಳು ಅಂತ ಯಾರಿಗೂ ಅನಿಸಿರಲಿಲ್ಲ. ಹರಿಯಬ್ಬೆ ಅಂತ ಬರೆದೆ. "ನೀನಂದಂಗೇ ಆಗ್ಲಿ ತಗಾ" ಅಂತ ನಗುತ್ತಾ ಸಹಿ ಹಾಕಿದ.

ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸಿನವರು ಬಂದರು. ಅತ್ತೆಗೆ ಹಿಗ್ಗೋ ಹಿಗ್ಗು. "ಕುಂತ್ಕಳ್ರಿ ಸ್ವಾಮಿ" ಅಂತ ಮಜ್ಜಿಗೆ ಕೊಟ್ಟು, ಟ್ರಂಕಿನಿಂದ ಆ ಹಳೇ ಚೀಟಿ ತೆಗೆದಳು. "ನನ್ ಮಗ ರಂಗೂನಿನ ದೊಡ್ಡಾಸ್ಪತ್ರೇಲಿ ಹುಟ್ಟಿದ್ದು, ನೋಡ್ರಿ." ಅವರು ಅದನ್ನು ಬರೆದುಕೊಂಡದ್ದನ್ನು ನಾನು ಬಾಗಿಲ ಹಿಂದಿನಿಂದ ನೋಡಿದೆ.

ತಿಂಗಳೊಳಗೆ ಕಾಗದ ಬಂತು. ಅವನ ಹೆಸರು ತೆಗೆದುಹಾಕಿದ್ದರು. ಯಾಕೆ ಅಂತ ಬರೆದಿರಲಿಲ್ಲ. "ಹುಟ್ಟಿದ ಜಾಗ ಅಡ್ಡ ಬಂತು" ಅಂದ ಭಾವ. ಅವತ್ತಿಂದ ಬೆಳಿಗ್ಗೆಯಿಂದ ಸಂಜೆವರೆಗೆ ಗೋಡೆಗೆ ಚೆಂಡು ಒದೆಯುವುದೇ ಕೆಲಸ. ಅಪ್ಪ ಗದರುವುದನ್ನು ಬಿಟ್ಟರು.

ನಾನು ತಡೆಯಲಾರದೆ ಅಪ್ಪನ ಜೊತೆ ಚಿತ್ರದುರ್ಗಕ್ಕೆ ಹೋಗಿ ಪೊಲೀಸ್ ಕಚೇರಿಯ ಗುಮಾಸ್ತರನ್ನು ಕೇಳಿದೆ. ಅಪ್ಪ ಹೊರಗೆ ಬೀಡಿ ಸೇದುತ್ತಿದ್ದರು.

"ಅಪ್ಪ ಅಮ್ಮ ಇಬ್ರೂ ಇಲ್ಲಿಯೋರೇ ಅಲ್ವೇನಮ್ಮ? ಎಲ್ಲಿ ಹುಟ್ಟಿದ್ರೂ ಅವ್ನು ಈ ದೇಶದೋನೇ" ಅಂದರು ಅವರು. "ಬರ್ಮಾ ಅಂತ ಬರೆದಿದ್ರೆ ಕಳಿಸ್ತಿದ್ರು. ಸುಳ್ಳು ಬರೆದಿದ್ದಕ್ಕೆ ತೆಗೆದ್ರು."

ಬಸ್ಸಿನಲ್ಲಿ ಬರುವಾಗ, ಮನೆ ಸೇರಿದ ಕೂಡಲೇ ಹೇಳಿಬಿಡಬೇಕು ಅಂದುಕೊಂಡೆ. ಹಿತ್ತಿಲಲ್ಲಿ ಆ ಸದ್ದು ಕೇಳಿ ಹೆದರಿದೆ. ನಾಳೆ ಹೇಳಿದರಾಯ್ತು ಅಂದೆ. ನಾಳೆ ಎಂದವನ ಮನೆ ಹಾಳು ಅಂತಾರೆ, ನಾನು ಅತ್ತೆಯ ಮನೆ ಹಾಳು ಮಾಡಿದೆ. ತಾಯಿ ಮಗ ಇಬ್ಬರೂ ಮಣ್ಣಾದರು, ಇಬ್ಬರಿಗೂ ಹೇಳಲಿಲ್ಲ.

ನಾನು ಚಿತ್ರದುರ್ಗದಿಂದ ಬಂದ ವಾರವೇ ಒಂದು ಮಧ್ಯಾಹ್ನ ಊಟಕ್ಕೆ ಕೂತ ಭಾವ ತಾಯಿಯ ಮೇಲೆ ಸಿಡಿದ. "ನನ್ನ ಅಲ್ಯಾಕೆ ಹೆತ್ತೆ? ಇಲ್ಲಿಗೆ ಬಂದು ಹೆರಾಕೆ ಏನಾಗಿತ್ತು ನಿಂಗೆ?"

ಅತ್ತೆ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ತಪ್ಪಾತಪ್ಪ" ಅಂದಳು. ಕಾಡು ದಾಟಿಸಿ ಅವನನ್ನು ಹೊತ್ತು ತಂದವಳು, ಹೆತ್ತದ್ದಕ್ಕೆ ಮಗನ ಮುಂದೆ ಕೈ ಮುಗಿದಳು. ಆಮೇಲೆ ಎದ್ದು ಹೋಗಿ ಟ್ರಂಕಿನಿಂದ ಆ ಚೀಟಿ ತಂದು ಒಲೆಗೆ ಹಾಕಿದಳು.

ಒಲೆ ಮುಂದೆ ಊದುಗೊಳವೆ ಹಿಡಿದು ಕೂತಿದ್ದವಳು ನಾನು. ತಲೆ ಎತ್ತಲಿಲ್ಲ, ಊದುತ್ತಲೇ ಇದ್ದೆ.