ಮೇಸ್ತ್ರಿಯ ವಾಲಿದ ಗೋಡೆ

ನಲವತ್ತಾರನೇ ವಯಸ್ಸಿಗೆ ಡ್ರಾಯಿಂಗ್ ಟೀಚರ್ ಸ್ಕೂಲಿನ ಕೆಲಸ ಬಿಟ್ಟು ಚಿತ್ರ ಬರೆಸಿ ಮನಸ್ಸಿಗೆ ಚಿಕಿತ್ಸೆ ಮಾಡುವುದನ್ನು ಓದಲು ಹೊರಟಾಗ ಅವಳ ಅತ್ತೆ ಬಾಗಿಲಲ್ಲೇ ತಡೆದರು.

"ಮನಸ್ಸು ಕೆಟ್ಟವರ ಕೈಗೆ ಬಣ್ಣ ಕೊಡೋಕೆ ಎರಡು ವರ್ಷ ಓದಬೇಕೇನೇ?"

"ಕೊಡೋಕಲ್ಲ ಅತ್ತೆ, ಕೊಟ್ಟಮೇಲೆ ಸುಮ್ಮನಿರೋಕೆ."

"ಅದನ್ನ ನನ್ನ ಮಗನ ಹತ್ರ ಕಲಿ. ಮದುವೆಯಾದಾಗಿಂದ ಸುಮ್ಮನೇ ಇದಾನೆ!"

ಸೊಸೆ ನಕ್ಕಳು, ಆದರೆ ಹೋದಳು. ಹೋಗಲು ಕಾರಣವಿತ್ತು. ಅವಳ ತರಗತಿಯ ಒಂದು ಹುಡುಗಿ ವರ್ಷವಿಡೀ ಮುಚ್ಚಿದ ಕಿಟಕಿಗಳನ್ನೇ ಬರೆದಿತ್ತು. ಗೆರೆ ಸೊಟ್ಟ ಅಂತ ಇವಳು ಹತ್ತಕ್ಕೆ ಆರು ಕೊಟ್ಟಿದ್ದಳು. ಆ ಮನೆಯೊಳಗೆ ಏನು ನಡೆಯುತ್ತಿತ್ತು ಅನ್ನೋದು ಪೊಲೀಸರು ಬಂದಮೇಲೆ ತಿಳಿಯಿತು. ಆ ಆರು ಅಂಕ ಗಂಟಲಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು.

ಮೊದಲ ವರ್ಷ ಪುಸ್ತಕದ ಓದು. ಎರಡನೇ ವರ್ಷ ಆಸ್ಪತ್ರೆಯಲ್ಲಿ ಕೆಲಸ. ಕೊಟ್ಟ ಕೋಣೆ ಮೊದಲು ಹಾಸಿಗೆ ಬಟ್ಟೆ ಇಡುತ್ತಿದ್ದ ಜಾಗ. ಇನ್ನೂ ಬಟ್ಟೆ ಸೋಪಿನ ವಾಸನೆ. ಒಂದು ಮೇಜು, ಎರಡು ಕುರ್ಚಿ, ತೊಟ್ಟಿಕ್ಕುವ ನಲ್ಲಿ, ಬೀಗ ಹಾಕುವ ಕಪಾಟು. ವಾರಕ್ಕೊಮ್ಮೆ ಅವಳ ಕೆಲಸ ಕೇಳಿ ದಾರಿ ತೋರಿಸಲು ಒಬ್ಬ ಹಿರಿಯ ಗೈಡ್ ಇದ್ದರು. ಕಡ್ಡಿ ಮುರಿದ ಹಾಗೆ ಮಾತಾಡುವ ಹೆಂಗಸು.

"ಬರೆದ ಕಾಗದ ಬರೆದವರದು. ಹೊಗಳಬೇಡ, ತಿದ್ದಬೇಡ, ಬಿಸಾಕಬೇಡ. ಬೀಗ ಹಾಕಿಡು. ಒಬ್ಬರನ್ನಾದರೂ ಆರು ತಿಂಗಳು ಪೂರ್ತಿ ನೋಡಿದರೆ ಮಾತ್ರ ನೀನು ಪಾಸು."

ಆ ಒಬ್ಬರು ಅಂದರೆ ಗಾರೆ ಮೇಸ್ತ್ರಿ. ಅರವತ್ತು ದಾಟಿದ ಮನುಷ್ಯ. ಅವನು ಕಟ್ಟಿಸುತ್ತಿದ್ದ ಗೋಡೆ ಅವನ ತಮ್ಮನ ಮೇಲೇ ಬಿದ್ದು, ತಮ್ಮ ಅಲ್ಲೇ ಹೋಗಿಬಿಟ್ಟಿದ್ದ. ಅವತ್ತಿನಿಂದ ಮೇಸ್ತ್ರಿ ಬಾಯಿಗೆ ಬೀಗ. ಮಗಳು ಪ್ರತಿ ಮಂಗಳವಾರ ಹನ್ನೊಂದಕ್ಕೆ ತಂದು ಬಿಟ್ಟು ಹೋಗುತ್ತಿದ್ದಳು. ಅವನು ಕೂತು ಗೋಡೆ ಬರೆಯುತ್ತಿದ್ದ. ಒಂದೊಂದೇ ಇಟ್ಟಿಗೆ, ಒಂದೊಂದೇ ಸಂದು, ಎಲ್ಲ ಲೆಕ್ಕ ಹಾಕಿದ ಹಾಗೆ. ಗೋಡೆ ಮಾತ್ರ ಎಡಕ್ಕೆ ವಾಲಿರುತ್ತಿತ್ತು. ಹತ್ತು ವಾರ, ಹತ್ತು ಗೋಡೆ. ಒಂಬತ್ತನೇ ವಾರ ಮೊದಲ ಸಲ ಬಾಯಿ ಬಿಟ್ಟು, "ಪೆನ್ಸಿಲ್ ಚೂಪು ಮಾಡ್ಕೊಡಿ" ಅಂದಾಗ ಅವಳು ಮನೆಗೆ ಹೋಗುವ ದಾರಿಯೆಲ್ಲ ಅದನ್ನೇ ಮೆಲುಕು ಹಾಕಿದಳು.

ಹನ್ನೊಂದನೇ ವಾರ ಅವನು ಬರೆಯುತ್ತಾ ಬರೆಯುತ್ತಾ, "ಅವತ್ತು ನಾನೇ ಅವನಿಗೆ..." ಅಂದು ನಿಂತ. ಕೈಯೂ ನಿಂತಿತು. ನಲ್ಲಿ ತೊಟ್ಟಿಕ್ಕುತ್ತಿತ್ತು. ಒಂದು ನಿಮಿಷ, ಎರಡು ನಿಮಿಷ. ಅವಳಿಗೆ ತಡೆಯಲಾಗಲಿಲ್ಲ. ಇಪ್ಪತ್ತೆರಡು ವರ್ಷ ಮಕ್ಕಳ ಬೆನ್ನ ಹಿಂದೆ ಬಗ್ಗಿ ತಿದ್ದಿದ ಕೈ ಅದು. ಕೇಳದೆ ಹೇಳದೆ ಹೋಯಿತು. ರಬ್ಬರಿನಿಂದ ಗೋಡೆಯ ಅಂಚು ಅಳಿಸಿ, ಸರಕ್ ಅಂತ ನೇರ ಗೆರೆ ಎಳೆದು, "ನೋಡಿ, ಹೀಗೆ" ಅಂದಿತು ಬಾಯಿ.

ಅಂದಮೇಲೆ ರಬ್ಬರನ್ನು ಕೆಳಗಿಟ್ಟಳು.

ಮೇಸ್ತ್ರಿ ಕಾಗದ ನೋಡಿದ. ಅವಳ ಮುಖ ನೋಡಿದ. "ನಂಗೆ ನೆಟ್ಟಗೆ ಕಟ್ಟೋಕೆ ಬರಲ್ಲ ಅನ್ಕೊಂಡ್ರಾ ತಾಯಿ? ನಲವತ್ತು ವರ್ಷ ನೆಟ್ಟಗೇ ಕಟ್ಟಿದೀನಿ. ಇದೊಂದು ವಾಲಿತ್ತು."

ಪೆನ್ಸಿಲ್ ಮೇಜಿನ ಮೇಲಿಟ್ಟು ಎದ್ದು ಹೋದ.

ನೋಡಿದವರು ಯಾರೂ ಇರಲಿಲ್ಲ. ಮುಚ್ಚಿಡಬಹುದಿತ್ತು. ಅವಳು ಇದ್ದದ್ದನ್ನು ಇದ್ದ ಹಾಗೆ ಬರೆದು ಗೈಡ್ ಮುಂದಿಟ್ಟಳು. ಗೈಡ್ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು.

"ಅವರ ಮನೆಗೆ ಹೋಗಿ ಕ್ಷಮೆ ಕೇಳಿ ಬರ್ಲಾ?"

"ಅದು ನಿನ್ನ ಎದೆ ಹಗುರ ಮಾಡ್ಕೊಳ್ಳೋಕೆ. ಮಂಗಳವಾರ ಹನ್ನೊಂದರಿಂದ ಹನ್ನೆರಡು ಅವರ ಹೊತ್ತು. ಕಾಗದ ಹಾಸಿ ಕಾಯಿ. ನಾಲ್ಕು ವಾರ. ಕೈ ಮಡಿಲಲ್ಲಿರಲಿ."

ಅವಳು ಕಾದಳು. ಎದುರಿಗೆ ಬಿಳಿ ಕಾಗದ, ಚೂಪು ಮಾಡಿದ ಪೆನ್ಸಿಲ್, ಖಾಲಿ ಕುರ್ಚಿ. ಕಾರಿಡಾರಿನಲ್ಲಿ ಯಾರ ಚಪ್ಪಲಿ ಸದ್ದಾದರೂ ಮೈಯೆಲ್ಲ ಕಿವಿ. ಮೂರನೇ ವಾರ ಕಸ ಗುಡಿಸುವವಳು ಬಾಗಿಲಲ್ಲಿ ಇಣುಕಿ, "ಯಾರೂ ಇಲ್ವಲ್ಲಕ್ಕ, ಗುಡಿಸ್ಲಾ?" ಅಂದಳು. "ಇದಾರೆ," ಅಂದಳು ಇವಳು. ಪಾಪ, ಗುಡಿಸುವವಳು ಇವಳನ್ನೇ ರೋಗಿ ಅಂದುಕೊಂಡಳೋ ಏನೋ, ಬಾಗಿಲು ಮೆಲ್ಲಗೆ ಎಳೆದುಕೊಂಡು ಹೋದಳು.

ನಾಲ್ಕನೇ ವಾರ ಮೇಸ್ತ್ರಿಯ ಮಗಳು ಒಬ್ಬಳೇ ಬಂದಳು. ಕೂರಲಿಲ್ಲ.

"ಅಪ್ಪ ಮತ್ತೆ ಮಾತು ಬಿಟ್ಟಿದಾರೆ ಮೇಡಂ. ನನ್ನ ಹತ್ರಾನೂ ಇಲ್ಲ. ಇಲ್ಲಿಗೆ ಬಾ ಅಂದ್ರೆ ಗೋಡೆ ಕಡೆ ತಿರುಗಿ ಮಲಗ್ತಾರೆ. ಆ ಚಿತ್ರಗಳು ಬೇಕಂತೆ, ಸನ್ನೆ ಮಾಡಿ ತೋರಿಸಿದ್ರು."

ಟೀಚರ್ ಕಪಾಟಿನ ಬೀಗ ತೆಗೆದಳು. ಮಗಳು ನಿಂತಲ್ಲೇ ಎಣಿಸಿದಳು. "ಅಪ್ಪ ಹತ್ತು ಬೆರಳು ತೋರಿಸಿದ್ರು. ಹನ್ನೊಂದಿದೆಯಲ್ಲ?"

"ಒಂದು ನಂದು," ಅಂದಳು ಟೀಚರ್, ಹನ್ನೊಂದನೆಯದನ್ನು ತೆಗೆದಿಟ್ಟುಕೊಂಡು.

ಆ ವರ್ಷ ಪಾಸಾಗಲಿಲ್ಲ. ಇನ್ನೊಬ್ಬರನ್ನು ಹುಡುಕಿ ಮೊದಲಿನಿಂದ ಶುರು ಮಾಡು ಅಂದರು ಗೈಡ್. ಮೊದಲಿನಿಂದ ಅನ್ನೋದು ಇವಳಿಗೆ ಉಂಟು, ಮೇಸ್ತ್ರಿಗೆ ಎಲ್ಲಿದೆ?

ಮನೆಯಲ್ಲಿ ಆ ಹನ್ನೊಂದನೇ ಕಾಗದವನ್ನು ಮೇಜಿನ ಮೇಲೆ ಬಿಟ್ಟು ಮುಖ ತೊಳೆಯಲು ಹೋಗಿದ್ದಳು. ಬರುವಷ್ಟರಲ್ಲಿ ಅತ್ತೆ ಕನ್ನಡಕ ಹಾಕಿಕೊಂಡು ಅದನ್ನೇ ನೋಡುತ್ತಿದ್ದರು.

"ಯಾರದೇ ಇದು?"

"ನಂದೇ."

"ಚೆನ್ನಾಗಿದೆ ಕಣೇ," ಅಂದರು ಅತ್ತೆ, ಎಂದೂ ಹೊಗಳದ ಅತ್ತೆ. "ಗೋಡೆ ಎಷ್ಟು ನೆಟ್ಟಗಿದೆ!"